ಚಕ್ರೀಯ ವಿಶ್ವದ ವಾದವನ್ನು ಓದುವ ಕ್ರಮ

ವಿಶ್ವವು ಹುಟ್ಟಿ, ಹಿಗ್ಗಿ, ಅಳಿದು ಮತ್ತೆ ಹುಟ್ಟುತ್ತದೆ ಎನ್ನುವ ಯಾವುದೇ ವಾದವನ್ನು ಓದುವಾಗ, ಅದರಲ್ಲಿ ಕಾಲವನ್ನು ಎಣಿಸುವ ಗಡಿಯಾರ ಯಾವುದು ಎಂಬುದನ್ನು ಮೊದಲು ಹುಡುಕಬೇಕು. ಎಣಿಸಲು ಏನೂ ಇಲ್ಲದಿದ್ದರೆ 'ಮತ್ತೆ' ಎಂಬ ಪದಕ್ಕೇ ಅರ್ಥವಿರುವುದಿಲ್ಲ.

ಅಭ್ಯಾಸಕ್ಕೆ ಬೆಂಗಳೂರಿನ ತಾರಸಿಯೇ ಸಾಕು. ಬೀದಿದೀಪಗಳ ನಡುವೆ ಆಕಾಶಗಂಗೆ ಕಾಣದಿದ್ದರೂ ಜನವರಿಯ ರಾತ್ರಿಯಲ್ಲಿ ಲುಬ್ಧಕ ನಕ್ಷತ್ರ ಕಾಣುತ್ತದೆ. ಅದರ ಬೆಳಕು ಹೊರಟು 8.6 ವರ್ಷಗಳಾಗಿವೆ. ಇದೇ ಲೆಕ್ಕದಲ್ಲಿ ಹಿಂದೆ ಹಿಂದೆ ಹೋದರೆ, ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷಗಳ ನಂತರ ಬಿಡುಗಡೆಯಾಗಿ, ಅಲೆಯುದ್ದ ಸುಮಾರು 1,100 ಪಟ್ಟು ಹಿಗ್ಗಿ, ಈಗ 2.7 ಕೆಲ್ವಿನ್ ಉಷ್ಣತೆಗೆ ಇಳಿದಿರುವ ಬೆಳಕಿನ, ಅಂದರೆ ಹಿನ್ನೆಲೆ ವಿಕಿರಣದ, ಬಳಿ ನಿಲ್ಲಬೇಕಾಗುತ್ತದೆ. ಹಿಂದಿನ ಆವರ್ತದ (ಹುಟ್ಟಿನಿಂದ ಅಳಿವಿನವರೆಗಿನ ಒಂದು ಸುತ್ತಿನ) ಗುರುತು ಬೆಳಕಿನಲ್ಲಿ ಉಳಿದಿದ್ದರೆ ಅದನ್ನು ಅರಸಬೇಕಾದುದು ಇಲ್ಲಿಯೇ.

ಎರಡನೆಯದಾಗಿ, ಎಂಟ್ರೊಪಿ, ಅಂದರೆ ಹೆಚ್ಚುತ್ತಲೇ ಹೋಗುವ ಅವ್ಯವಸ್ಥೆಯ ಅಳತೆ, ಎಲ್ಲಿ ಹೋಯಿತು ಎಂದು ಕೇಳಬೇಕು. 1930ರ ದಶಕದಲ್ಲಿ ಭೌತವಿಜ್ಞಾನಿ ರಿಚರ್ಡ್ ಟೋಲ್ಮನ್ ತೋರಿಸಿದಂತೆ, ಅದು ಕೂಡುತ್ತಲೇ ಹೋದರೆ ಪ್ರತಿ ಆವರ್ತವೂ ಹಿಂದಿನದಕ್ಕಿಂತ ದೀರ್ಘವಾಗುತ್ತದೆ. ಹಿಮ್ಮುಖವಾಗಿ ನೋಡಿದರೆ ಆವರ್ತಗಳು ಕಿರಿದಾಗುತ್ತ ಬಂದು, ತಪ್ಪಿಸಿಕೊಳ್ಳಲು ಹೊರಟ ಆದಿಯೇ ಎದುರಾಗುತ್ತದೆ.

ಚಕ್ರೀಯ ವಿಶ್ವದ ಬಗ್ಗೆ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಅವರ ವಾದವನ್ನು ನಿಧಾನವಾಗಿ ಓದಬೇಕು. ದ್ರವ್ಯರಾಶಿಯುಳ್ಳ ಕಣವು ನಿಶ್ಚಿತ ಲಯದಲ್ಲಿ ಮಿಡಿಯುವ ಗಡಿಯಾರದಂತೆ. ಬೆಳಕಿನ ಕಣವಾದ ಫೋಟಾನಿಗೆ ದ್ರವ್ಯರಾಶಿಯಿಲ್ಲ, ಆದ್ದರಿಂದ ಅದರ ಪಾಲಿಗೆ ಕಾಲವೂ ಇಲ್ಲ. ಬಹುದೂರದ ಭವಿಷ್ಯದಲ್ಲಿ ಬೆಳಕಿನಂಥವು ಮಾತ್ರ ಉಳಿದರೆ ಹಿರಿದು ಕಿರಿದು ಎಂಬ ಅಳತೆಯೇ ಅಳಿದು, ಅಪಾರವಾಗಿ ಹಿಗ್ಗಿದ ಆ ವಿಶ್ವವನ್ನು ಮುಂದಿನ ಮಹಾಸ್ಫೋಟಕ್ಕೆ ಹೊಂದಿಸಬಹುದು ಎಂಬುದು ಅವರ ತರ್ಕ. ನನ್ನ ಮಟ್ಟಿಗೆ ಇದು ಬಹಳ ಸುಂದರವಾದ ತರ್ಕ. ಆದರೆ ಇದಕ್ಕೆ ಇಲೆಕ್ಟ್ರಾನುಗಳೂ ತಮ್ಮ ದ್ರವ್ಯರಾಶಿಯನ್ನು ಕಳೆದುಕೊಳ್ಳಬೇಕು, ಹಾಗಾಗುತ್ತದೆ ಎನ್ನಲು ಪುರಾವೆಯಿಲ್ಲ. ಹಿಂದಿನ ಆವರ್ತದ ಗುರುತಾಗಿ 2010ರಲ್ಲಿ ಹಿನ್ನೆಲೆ ವಿಕಿರಣದಲ್ಲಿ ಕಂಡವೆಂದು ಅವರು ಮತ್ತು ಅವರ ಸಹಲೇಖಕ ಗುರ್ಜಾದ್ಯಾನ್ ಹೇಳಿದ ಉಂಗುರಗಳು, ಆವರ್ತಗಳಿಲ್ಲದ ಸಾಮಾನ್ಯ ಮಾದರಿಯಂತೆ ಕಂಪ್ಯೂಟರಿನಲ್ಲಿ ರಚಿಸಿದ ಆಕಾಶದಲ್ಲಿಯೂ ಸಿಗುತ್ತವೆ ಎಂದು ಇತರರು ತೋರಿಸಿದರು. ಆದುದರಿಂದ ಇಂಥ ಚಿತ್ರ ಕಂಡಾಗ, ಆವರ್ತವಿಲ್ಲದ ವಿಶ್ವದಲ್ಲಿಯೂ ಅದು ಕಾಣುತ್ತಿತ್ತೇ ಎಂದು ವಿಚಾರಿಸಬೇಕು.

ಇದನ್ನೆಲ್ಲ ಮಾತನಾಡುವಾಗ ಯಾರಾದರೂ ಪುರಾಣಗಳ ಕಲ್ಪದ ಲೆಕ್ಕವನ್ನು ತೆಗೆಯದೆ ಇರುವುದಿಲ್ಲ. 43,20,000 ವರ್ಷಗಳ ಮಹಾಯುಗ ಸಾವಿರ ಸಲ ಕಳೆದರೆ 432 ಕೋಟಿ ವರ್ಷಗಳ ಒಂದು ಕಲ್ಪ. ಅದು ಭೂಮಿಯ ವಯಸ್ಸಾದ 454 ಕೋಟಿಗೆ ಸಮೀಪವಾಗಿದ್ದರೂ ವಿಶ್ವದ 1,380 ಕೋಟಿಯ ಮೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಲ್ಪವನ್ನು ವರ್ಷಗಳಲ್ಲಿ ಎಣಿಸಲಾಗುತ್ತದೆ. ಪೆನ್‌ರೋಸ್ ಅವರ ಆವರ್ತ ಮುಗಿಯುವುದು ಎಣಿಸುವ ಗಡಿಯಾರವೇ ಇಲ್ಲವಾದಾಗ.