ನಿಯಾನ್ ಆಕಾಶದ ಮಂಕು ಹೋಗಿಸಿದ್ದು ಹೀಗೆ

ತುಮಕೂರಿನ ನಮ್ಮ ಮನೆಯ ಹಾಲ್‌ಗೆ ಎಡ್ವರ್ಡ್ ಮುಂಕ್‌ನ 1893ರ ‘ದಿ ಸ್ಕ್ರೀಮ್’ ಚಿತ್ರವನ್ನು ಎಲ್‌ಇಡಿ ನಿಯಾನ್‌ನಲ್ಲಿ, ಅಂದರೆ ಬಗ್ಗಿಸಬಹುದಾದ ದೀಪದ ಪಟ್ಟಿಯಲ್ಲಿ, ಮಾಡಿದೆ. ಚಿತ್ರದ ಎಲ್ಲ ಗೆರೆ ಬೇಡ, ಗೋಜಲಾಗುತ್ತದೆ. ಮುಖ, ಕೈ, ಸೇತುವೆಯ ಕಂಬಿ, ಆಕಾಶದ ಕೆಲವು ಅಲೆ ಸಾಕು.

ಮುಖ ಚೆನ್ನಾಗಿ ಬಂತು. ಕಾಡಿದ್ದು ಕಿತ್ತಳೆ ಆಕಾಶ. ಎಡಗಡೆ ಝಗಮಗ, ಬಲಗಡೆ ಮಂಕು. ಸೂರ್ಯ ಮುಳುಗುವ ಹೊತ್ತಿನ ಚಿತ್ರ ತಾನೇ ಎಂದು ಸುಮ್ನೆ ಬಿಡಬಹುದಿತ್ತು!

ಪಟ್ಟಿಯೇ ಹಾಳಾಗಿದೆ ಎಂದರು ಅಂಗಡಿಯವರು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದೆ. ಅಡಾಪ್ಟರ್ ಹತ್ತಿರ 12 ವೋಲ್ಟ್ ಸರಿಯಾಗಿತ್ತು, ಕೊನೆಯಲ್ಲಿ ಕಡಿಮೆ. ಪಟ್ಟಿಯೊಳಗಿನ ತಾಮ್ರ ತೆಳು. ಉದ್ದ ಜಾಸ್ತಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಹೊಸ ಪಟ್ಟಿ ಹಾಕಿದ್ದರೂ ಅದೇ ಕಥೆ.

ಪಟ್ಟಿಯನ್ನು ಕತ್ತರಿ ಗುರುತು ಇರುವಲ್ಲೇ ತುಂಡು ಮಾಡಿದೆ. ಬೇರೆ ಕಡೆ ಕತ್ತರಿಸಿದರೆ ಅಷ್ಟು ಭಾಗ ಉರಿಯುವುದಿಲ್ಲ. ಆಮೇಲೆ ಪ್ರತಿ ಅಲೆಗೂ ಅಡಾಪ್ಟರ್‌ನಿಂದಲೇ ಬೇರೆ ವೈರ್ ಎಳೆದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಿದೆ. ಆಕಾಶ ಒಂದೇ ಸಮ ಬೆಳಗಿತು.

ಅಡಾಪ್ಟರ್ ಕೊಳ್ಳುವಾಗ ಪಟ್ಟಿಗಳ ಒಟ್ಟು ವ್ಯಾಟ್‌ಗಿಂತ 20 ಶೇಕಡಾ ಜಾಸ್ತಿ ಇರುವುದನ್ನೇ ಕೇಳಿ.