ಗೋಡೆ ಬೆವರುವಾಗ ಕಿಟಕಿ ತೆಗೀಬೇಡ್ರಪ್ಪಾ

ಮೊನ್ನೆ ಒಂಬತ್ತನೇ ಮಹಡಿಯ ಹುಡುಗಿ ಗಾಬರಿಯಿಂದ ಫೋನ್ ಮಾಡಿದಳು. "ಆಂಟಿ, ಮೇಲಿನ ಮನೆ ಪೈಪು ಒಡೆದಿರಬೇಕು, ನಮ್ಮ ಗೋಡೆ ಮೇಲೆಲ್ಲಾ ನೀರು ಇಳೀತಿದೆ, ಓನರ್‌ಗೆ ಹೇಳಿದ್ರೆ ನಗ್ತಾರೆ." ಹೋಗಿ ನೋಡಿದರೆ ಮನೆಯ ಕಿಟಕಿಗಳೆಲ್ಲಾ ಹಾರು ಹೊಡೆದಿವೆ, ಬಾಲ್ಕನಿ ಬಾಗಿಲೂ ಅಷ್ಟೇ. ಸಾಲದ್ದಕ್ಕೆ ಗಂಡ ಒದ್ದೆ ಮಾಪ್ ಹಿಡಿದು ನೆಲ ಒರೆಸುತ್ತಿದ್ದಾನೆ. "ಗಾಳಿ ಆಡಲಿ ಅಂತ ಆಂಟಿ" ಅಂದ. ನನಗೆ ಎಲ್ಲಿತ್ತೋ ಸಿಟ್ಟು.

ಈಗಿನ ಮಕ್ಕಳು ದಕ್ಷಿಣ ಚೀನಾದ ಈ ಗ್ವಾಂಗ್‌ಝೌಗೆ ಬರುವ ಮೊದಲೇ ಎಲ್ಲಾ ಓದಿಕೊಂಡು ಬರುತ್ತಾರೆ. ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು, ಮಾತಿಗೂ ದುಡ್ಡು ಕೊಡಲಿಕ್ಕೂ ಫೋನಿನಲ್ಲಿ ವೀಚಾಟ್ ಆಪ್ ಇರಬೇಕು, ಸಂತೆಯಲ್ಲಿ ಒಂದು ಜಿನ್ ಅಂದರೆ ಕಿಲೋ ಅಲ್ಲ ಅರ್ಧ ಕಿಲೋ, ಎಲ್ಲಾ ಬಾಯಿಪಾಠ. ಆದರೆ ಮಾರ್ಚ್ ತಿಂಗಳಲ್ಲಿ ಗೋಡೆ ಯಾಕೆ ಬೆವರುತ್ತದೆ ಅಂತ ಒಬ್ಬರಿಗೂ ಗೊತ್ತಿಲ್ಲ.

ಇಲ್ಲಿಯವರು ಇದಕ್ಕೆ ಹುಯ್‌ನಾನ್‌ಥಿಯೆನ್ ಅನ್ನುತ್ತಾರೆ. ಚಳಿಗಾಲ ಮುಗಿಯುವಾಗ ಗೋಡೆ, ಟೈಲ್ಸು ಎಲ್ಲಾ ಇನ್ನೂ ತಣ್ಣಗೇ ಇರುತ್ತವೆ. ಈ ಕಡೆ ಮನೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲವಲ್ಲ. ಅಷ್ಟರಲ್ಲಿ ದಕ್ಷಿಣದ ಸಮುದ್ರದ ಕಡೆಯಿಂದ ಬೆಚ್ಚನೆಯ ಹಸಿ ಗಾಳಿ ಬೀಸುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಮೇಜಿನ ಮೇಲೆ ಬೆವರುತ್ತದಲ್ಲ, ಹಾಗೆ ಇಡೀ ಮನೆ ಬೆವರುತ್ತದೆ. ನೀರು ಪೈಪಿನಿಂದ ಬಂದಿಲ್ಲ ಮಾರಾಯರೇ, ನೀವೇ ಕಿಟಕಿ ತೆಗೆದು ಒಳಗೆ ಕರೆದದ್ದು.

ನಾನೇನು ಹುಟ್ಟಿದಾಗಿನಿಂದ ಜಾಣೆ ಅಲ್ಲ. ಮಲೆನಾಡಿನವಳು, ಮಳೆ ಶೀತ ನನಗೆ ಹೊಸದಲ್ಲ ಅಂತ ಜಂಬ ಇತ್ತು. ನಮ್ಮೂರಲ್ಲಿ ಮಳೆಗಾಲದಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹರಡುತ್ತಿದ್ದರು. ಶಾಲೆಯಲ್ಲಿ ಎಲ್ಲರ ಯೂನಿಫಾರ್ಮಿಗೂ ಹೊಗೆ ವಾಸನೆ. ಇಲ್ಲಿ ಹನ್ನೊಂದನೇ ಮಹಡಿಯಲ್ಲಿ ಕೆಂಡ ಎಲ್ಲಿಂದ ತರಲಿ? ಯಜಮಾನರು ಪಕ್ಕದ ಫೋಷಾನ್‌ಗೆ ಟೈಲ್ಸ್ ಆರ್ಡರ್ ಕೊಡಲು ಹೋಗುತ್ತಿದ್ದರು, ನಾನು ಒಬ್ಬಳೇ ಎಲ್ಲಾ ಕಿಟಕಿ ತೆಗೆದು, ಫ್ಯಾನ್ ಹಾಕಿ, ಒರೆಸಿದ್ದೇ ಒರೆಸಿದ್ದು. ಒಂದು ದಿನ ಪಕ್ಕದ ಮನೆಯ ಅಜ್ಜಿ, ನಾವು ಪೋಪೋ ಅನ್ನುತ್ತೇವೆ, ಚಪ್ಪಲಿ ಟಪಟಪ ಅನ್ನಿಸಿಕೊಂಡು ಒಳಗೇ ನುಗ್ಗಿ ಕಿಟಕಿಗಳನ್ನೆಲ್ಲಾ ಧಡ್ ಧಡ್ ಅಂತ ಹಾಕಿದರು. ಬೈದದ್ದು ಇಲ್ಲಿಯ ಭಾಷೆ ಕ್ಯಾಂಟನೀಸ್‌ನಲ್ಲಿ, ಅರ್ಥ ಮಾತ್ರ ಪೂರ್ತಿ ಆಯಿತು.

ಈಗ ಅವರಿಂದ ಕಲಿತದ್ದು, ಗಮನ ಕೊಟ್ಟು ಓದಿ.

ಮುಖ್ಯ ಏನೆಂದರೆ ಗಾಳಿ ತಿರುಗುವ ಮುಂಚೆಯೇ ಕಿಟಕಿ ಹಾಕಬೇಕು. ನೀರು ಕಂಡ ಮೇಲೆ ಹಾಕಿದರೆ ಅರ್ಧ ಕೆಲಸ ಕೆಟ್ಟಂತೆ. ನಾಲ್ಕು ದಿನ ಚೆನ್ನಾಗಿ ಚಳಿ ಇದ್ದು ಒಂದು ಸಂಜೆ ಇದ್ದಕ್ಕಿದ್ದಂತೆ ಸ್ವೆಟರ್ ಭಾರ ಅನ್ನಿಸಿತಾ, ಎತ್ತರದ ಕಟ್ಟಡಗಳ ತಲೆ ಮಂಜಿನಲ್ಲಿ ಮುಳುಗಿತಾ, ಎದ್ದು ಹಾಕಿ. ದಕ್ಷಿಣದ ಕಿಟಕಿ ಮೊದಲು, ಆಮೇಲೆ ಪೂರ್ವ. ಗಾಜಿನ ಬಾಲ್ಕನಿ ಬಾಗಿಲಿನ ಕೆಳಗೆ ಸಂದು ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಹಳೇ ಹತ್ತಿ ಪಂಚೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಅಲ್ಲಿ ಒತ್ತಿಡಿ. ಟರ್ಕಿ ಟವಲ್ ಬೇಡ, ಅದು ನೀರು ಹಿಡಿದುಕೊಂಡು ಮುಗ್ಗಲು ವಾಸನೆ ಬರುತ್ತದೆ. ಬಚ್ಚಲಿನ ಬಾಗಿಲು ಹಾಕಿಯೇ ಇರಲಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಗಂಟೆಗಟ್ಟಲೆ ಓಡಿಸಬೇಡಿ. ಅದು ಒಳಗಿನ ಗಾಳಿ ಹೊರಗೆ ಹಾಕಿದಷ್ಟೂ ಹೊರಗಿನ ಹಸಿ ಗಾಳಿ ಸಂದಿಯಿಂದ ಒಳಗೆ ಬರುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಬರಿಗಾಲಿನಲ್ಲಿ ಬಾಗಿಲ ಹತ್ತಿರದ ಟೈಲ್ಸ್ ಮುಟ್ಟಿ ನೋಡಿ. ಅಂಗಾಲು ಅಲ್ಲ, ಹಿಮ್ಮಡಿ. ಹಿಮ್ಮಡಿ ಅಂಟಿದರೆ ಇವತ್ತು ಕಿಟಕಿ ಇಲ್ಲ, ಜಾರಿದರೆ ಮಕ್ಕಳಿಗೆ ಓಡಬೇಡಿ ಅಂತ ಹೇಳಿ. ಉಸಿರು ಕಟ್ಟುತ್ತದೆ ಅನ್ನುವವರು ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರದ ಕಿಟಕಿಯನ್ನು ಒಂದು ಗೇಣು ತೆಗೆಯಿರಿ, ಆಗ ಹೊರಗೆ ಸ್ವಲ್ಪ ಒಣಗಿರುತ್ತದೆ. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಮತ್ತೆ ಹಾಕಿ. ನೆಲಕ್ಕೆ ಒಣಬಟ್ಟೆ ಮಾತ್ರ. ತೇವ ಹೀರುವ ಮೆಷಿನ್ ಕೊಂಡರೆ ತುಂಬಾ ಒಳ್ಳೆಯದು. ರಾತ್ರಿ ಇಟ್ಟರೆ ಬೆಳಿಗ್ಗೆ ಅದರ ಡಬ್ಬಿ ತುಂಬಿರುತ್ತದೆ, ನೋಡಿದರೆ ಗಾಬರಿಯಾಗುತ್ತದೆ. ಕೊಳ್ಳದವರು ಏಸಿ ರಿಮೋಟಿನಲ್ಲಿ ಹನಿಯ ಚಿತ್ರ ಹುಡುಕಿ, ಅದು ತೇವ ತೆಗೆಯುವ ಗುಂಡಿ.

ಪೋಪೋ ಹತ್ತಿರ ಒಂದು ಗಾಜಿನ ಭರಣಿ ಇದೆ. ಅದರಲ್ಲಿ ಷಿನ್‌ಹುಯಿ ಅನ್ನುವ ಊರಿನ ಒಣ ಕಿತ್ತಳೆ ಸಿಪ್ಪೆ, ವರ್ಷಗಟ್ಟಲೆ ಇಟ್ಟು ಕಪ್ಪಾದದ್ದು. ಸೂಪಿಗೆ ಒಂದು ಚೂರು ಹಾಕುತ್ತಾರೆ, ಹಳೆಯದಾದಷ್ಟೂ ಬೆಲೆ ಜಾಸ್ತಿ. ಈ ದಿನಗಳಲ್ಲಿ ಮಗ ಬಂದು ಕೇಳಿದರೂ ಆ ಮುಚ್ಚಳ ತೆಗೆಯುವುದಿಲ್ಲ. ನಾನೂ ಸಾಂಬಾರ್ ಪುಡಿ, ಹಪ್ಪಳ, ಹುರಿಗಡಲೆಗೆ ಅದೇ ನಿಯಮ ಮಾಡಿದೆ. ಫೆಬ್ರವರಿಯಲ್ಲೇ ಒಣಹವೆ ಇದ್ದ ದಿನ ವಾರಕ್ಕೆ ಬೇಕಾದಷ್ಟು ಚಿಕ್ಕ ಡಬ್ಬಿಗಳಿಗೆ ತುಂಬಿಟ್ಟು ದೊಡ್ಡ ಡಬ್ಬಿಗಳಿಗೆ ಬೀಗ ಹಾಕಿದ ಹಾಗೆ. ರೇಷ್ಮೆ ಸೀರೆಯ ಬೀರು ಅಂತೂ ಮುಟ್ಟಲೇಬೇಡಿ.

ಡಬ್ಬಿ ಅಂದಾಗ ಅಕ್ಕಿ ನೆನಪಾಯಿತು. ಅದೇ ಒಂಬತ್ತನೇ ಮಹಡಿಯ ಹುಡುಗಿ ಈಶಾನ್ಯ ಚೀನಾದ ಗುಂಡು ಅಕ್ಕಿ ತಂದು ಚಿತ್ರಾನ್ನ ಮಾಡಿ ಕಳಿಸಿದ್ದಳು. ಪಾಪ, ಉಂಡೆ ಕಟ್ಟಿದ್ದರೆ ಕಡುಬು ಆಗುತ್ತಿತ್ತು. ಆ ಅಕ್ಕಿ ಅಂಟುವುದೇ ಹಾಗೆ. ಇಲ್ಲೇ ಝೆಂಗ್‌ಚೆಂಗ್ ಕಡೆಯ ಸಿಮಿಯಾವ್ ಅಂತ ಉದ್ದನೆಯ ಸಣ್ಣಕ್ಕಿ ಸಿಗುತ್ತದೆ, ಅದನ್ನು ತನ್ನಿ. ನೀರು ಒಂದು ಬೆರಳು ಕಮ್ಮಿ ಇಡಿ, ತಟ್ಟೆಗೆ ಹರಡಿ ಆರಿಸಿ. ಸಂತೆಯವಳು ನನ್ನ ವಯಸ್ಸಿನವರಿಗೂ "ಲೆಂಗ್‌ನೂಯ್" ಅನ್ನುತ್ತಾಳೆ, ಸುಂದರಿ ಅಂತ ಅರ್ಥ. ಅದಕ್ಕೆ ಉಬ್ಬಿ ತೂಕ ನೋಡುವುದು ಮರೆಯಬೇಡಿ. ಕೊನೆಗೆ ಎರಡು ಎಳೆ ಈರುಳ್ಳಿ ಸೊಪ್ಪು ಸುಮ್ನೆ ಕೊಡುತ್ತಾಳೆ, ಕೇಳಿ ಇಸ್ಕೊಳ್ಳಿ.

ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹೀಗೇ ಇರುತ್ತದೆ. ಒಗೆದ ಬಟ್ಟೆ ಒಣಗುವುದಿಲ್ಲ, ಹಾಗಾಗಿ ಬೆಡ್‌ಶೀಟ್ ಒಗೆಯಲು ಹೋಗಬೇಡಿ, ಯಾರೂ ನಿಮ್ಮ ಮನೆಗೆ ಹೆಣ್ಣು ನೋಡಲು ಬರುತ್ತಿಲ್ಲ. ಆಮೇಲೆ ಒಂದು ರಾತ್ರಿ ಉತ್ತರದ ಗಾಳಿ ತಿರುಗುತ್ತದೆ, ಕಿವಿ ತಣ್ಣಗಾಗುತ್ತದೆ. ಬೆಳಿಗ್ಗೆ ಹಿಮ್ಮಡಿ ಇಟ್ಟರೆ ನೆಲ ಗರಿಗರಿ. ಆಗ ತೆಗೆಯಿರಿ, ಮನೆಯಲ್ಲಿ ಎಷ್ಟು ಕಿಟಕಿ ಇವೆಯೋ ಅಷ್ಟೂ. ಮೊನ್ನೆ ಗುರುವಾರ ಹಾಗೇ ಆಯಿತು. ಆರೂವರೆಗೆ ನಾನು ಕಿಟಕಿ ತೆಗೆದಾಗ ಪೋಪೋ ಆಗಲೇ ತಮ್ಮ ಬಾಲ್ಕನಿಯಲ್ಲಿ ಬಿದಿರಿನ ಕೋಲಿಗೆ ರಜಾಯಿ ಏರಿಸುತ್ತಿದ್ದರು. ಒಂಬತ್ತನೇ ಮಹಡಿಯ ಕಿಟಕಿ ಇನ್ನೂ ಮುಚ್ಚಿಯೇ ಇತ್ತು. ಫೋನ್ ಮಾಡಿ ಎಬ್ಬಿಸಿದೆ.