ದ್ರೌಪದಿ ಪಾತ್ರದವಳ ಕೈಲಿ ನೋರಾ ಮಾಡಿಸಿದ್ದು: ನನ್ನ ಅನುಭವ

‘ಕುರುಕ್ಷೇತ್ರ ಕಲಿಸೋ ಮೇಷ್ಟ್ರಿಗೆ ಇಬ್ಸನ್ ಯಾಕೆ’ ಅಂತ ನಕ್ಕವರೇ ಈಗ ಫೋನ್ ಮಾಡಿ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಾರ್ವೆಯ ನಾಟಕಕಾರ ಇಬ್ಸನ್ 1879ರಲ್ಲಿ ಬರೆದ ‘ಎ ಡಾಲ್ಸ್ ಹೌಸ್’ ನಾಲ್ಕು ಸಲ ಆಡಿಸಿದೆ. ಮೊದಲೆರಡು ಮಣ್ಣುಪಾಲು. ಮೂರನೆಯದು ಅರೆಬರೆ. ನಾಲ್ಕನೆಯದು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ. ಅವತ್ತು ಹಿಂದಿನ ಸಾಲಿನ ಹೆಂಗಸರು ಕೊನೆ ಬಸ್ ಬಿಟ್ಟು ಕೂತಿದ್ದರು. ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು: ಗಂಡನ ಕಾಯಿಲೆ ವಾಸಿ ಮಾಡಿಸಲು ನೋರಾ ಅವನಿಗೆ ಗೊತ್ತಾಗದ ಹಾಗೆ ಸಾಲ ಮಾಡುತ್ತಾಳೆ, ಜಾಮೀನಿಗೆ ಅಪ್ಪನ ಸೈನ್ ತಾನೇ ಹಾಕಿ. ಗುಟ್ಟು ರಟ್ಟಾದಾಗ ಗಂಡ ಅವಳ ಮೇಲೇ ತಿರುಗಿಬೀಳುತ್ತಾನೆ, ಕೊನೆಗೆ ಅವಳು ಗಂಡ ಮಕ್ಕಳನ್ನು ಬಿಟ್ಟು ಬಾಗಿಲು ಧಡಾರನೆ ಹಾಕಿಕೊಂಡು ಹೋಗುತ್ತಾಳೆ.

ಮೊದಲು ದುಡ್ಡಿನ ಮಾತು. ನಮ್ಮ ಕಡೆ ಪೌರಾಣಿಕ ನಾಟಕ ಹೇಗೆ ನಡೆಯುತ್ತೆ ಅಂತ ಗೊತ್ತಲ್ವಾ, ಪಾತ್ರ ಹಾಕುವವನೇ ದುಡ್ಡು ಕಟ್ಟುತ್ತಾನೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ರೇಟು. ಆದರೆ ಹೆಂಡತಿಯೇ ಬಿಟ್ಟುಹೋಗುವ ಗಂಡನ ಪಾತ್ರಕ್ಕೆ ಯಾರು ದುಡ್ಡು ಕಟ್ಟುತ್ತಾರೆ? ಮೂರು ಊರು ತಿರುಗಿದೆ. ಒಬ್ಬ ಅಂತೂ ‘ಕೊನೇಲಿ ಅವಳನ್ನ ಎಳ್ಕೊಂಡು ಬರೋ ಸೀನ್ ಹಾಕಿ, ಐದು ಸಾವಿರ ಕೊಡ್ತೀನಿ’ ಅಂದ. ಕೊನೆಗೆ ಒಬ್ಬ ರಿಟೈರ್ಡ್ ಶಾಲಾ ಮೇಷ್ಟ್ರು ಬಿಟ್ಟಿಯಾಗಿ ಒಪ್ಪಿದರು. ವಯಸ್ಸು ಜಾಸ್ತಿ. ಆದರೆ ಬುದ್ಧಿ ಹೇಳುವ ದನಿ ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ನೋರಾಗೆ ಕಾಲೇಜು ಹುಡುಗಿಯರು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನನ್ನ ಕಣ್ಣಿದ್ದದ್ದು ರಾತ್ರಿಗೊಂದು ಊರಿಗೆ ಹೋಗಿ ದ್ರೌಪದಿ ಮಾಡಿ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ ಬರುವ ನಮ್ಮ ನಾಟಕದ ಹೆಂಗಸರ ಮೇಲೆ. ಊರವರೆಲ್ಲ ಪಾತ್ರ ನೋಡಿ ಕೈ ಮುಗಿಯುತ್ತಾರೆ, ಅದೇ ಹೆಂಗಸಿಗೆ ಬಾಡಿಗೆ ಮನೆ ಕೊಡಲ್ಲ. ನಾನು ಆರಿಸಿದವರು ಹದಿನೆಂಟು ವರ್ಷದಿಂದ ದ್ರೌಪದಿ ಮಾಡುತ್ತಿರುವವರು. ಮೊದಲ ದಿನವೇ ಕೇಳಿದರು, ‘ಮೇಷ್ಟ್ರೇ, ಇದರಲ್ಲಿ ಹಾಡೇ ಇಲ್ವಲ್ಲ, ನಾನು ಅಳೋದು ಎಲ್ಲಿ?’

ಇವರೆಲ್ಲ ಸಾಮಾನ್ಯವಾಗಿ ಆಟದ ದಿನವೇ ಬರುವವರು, ಹೆಚ್ಚೆಂದರೆ ಒಂದು ಟ್ರಯಲ್. ನನಗೆ ಬೇಕಿದ್ದದ್ದು ಮೂವತ್ತು ದಿನ. ದಿನಕ್ಕೆ ಐನೂರು ಮತ್ತು ಬಸ್ ಚಾರ್ಜು. ಚೀಟಿ ದುಡ್ಡು ಎತ್ತಿದೆ, ಸಾಲಲಿಲ್ಲ. ಆಮೇಲೆ ಮಾಡಿದ್ದನ್ನು ಹೇಳಲೇಬೇಕು. ಹೆಂಡತಿ ಹೆಸರಲ್ಲಿ ಸಂಘದ ಸಾಲ ಎತ್ತಿಸಿದೆ, ನಲವತ್ತು ಸಾವಿರ. ಅವಳು ಸೈನ್ ಹಾಕುತ್ತಾ ‘ಕಥೆಯಲ್ಲೂ ಇದೇ ತಾನೇ?’ ಅಂದಳು. ಇದೇ ಅಲ್ಲ, ಇದರ ಉಲ್ಟಾ ಅಂದೆ. ಅವಳು ನಗಲಿಲ್ಲ.

ಆ ಉಲ್ಟಾ ವಿಷಯವೇ ಮೊದಲ ಪ್ರಯೋಗ ಕೆಡಿಸಿದ್ದು. ನಾಟಕ ಉದ್ದ ಆಯಿತು ಅಂತ ನಾನು ಕತ್ತರಿ ಹಾಕಿದ್ದೆ. ಅದರಲ್ಲಿ ಗೆಳತಿ ಲಿಂಡೆಯ ಒಂದು ಮಾತೂ ಹೋಗಿತ್ತು, ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಮಾಡುವ ಹಾಗಿಲ್ಲ ಅನ್ನುವುದು. 1879ರ ನಾರ್ವೆಗೆ ಅದು ಹೇಳಿ ಕೊಡಬೇಕಾದ ಮಾತಲ್ಲ. ನಮ್ಮ ಊರಲ್ಲಿ ಸಂಘದವರು ಸಾಲ ಕೊಡುವುದೇ ಹೆಂಗಸಿಗೆ, ತಿನ್ನುವುದು ಗಂಡಸು. ‘ಅವಳೇ ಸೈನ್ ಹಾಕಬಹುದಿತ್ತಲ್ಲ, ಅಪ್ಪನ ಸೈನ್ ಯಾಕೆ ಕದ್ದಳು’ ಅಂತ ಮುಂದಿನ ಚಾಪೆಯಿಂದಲೇ ಕೇಳಿದರು. ನಾಟಕ ಅಲ್ಲಿಗೆ ಸತ್ತಿತು.

ಎರಡನೇ ಸಲ ಆ ಮಾತು ವಾಪಸ್ ಹಾಕಿದೆ. ಪ್ರೋನೋಟನ್ನೂ ನಿಜವಾದ ಕಾಗದದಲ್ಲಿ, ದೊಡ್ಡದಾಗಿ ಮಾಡಿಸಿದೆ. ಸಾಲ 4,800 ಕ್ರೌನ್. ಅಪ್ಪ ತೀರಿಕೊಂಡದ್ದು ಸೆಪ್ಟೆಂಬರ್ 29, ಸೈನ್ ಕೆಳಗಿನ ತಾರೀಕು ಅಕ್ಟೋಬರ್ 2. ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಅದನ್ನು ಎರಡು ಸಲ ಓದಲಿ ಅಂದೆ, ಅವಸರ ಇಲ್ಲದೆ. ಎರಡನೇ ಸಲ ಓದುವಾಗ ಒಬ್ಬ ಅಜ್ಜಿ ಬೆರಳು ಮಡಿಸಿ ಎಣಿಸಿ, ‘ಅಯ್ಯೋ, ಸಿಕ್ಕಾಕ್ಕೊಂಡ್ಲು’ ಅಂದರು. ಲೆಕ್ಕ ಹಿಡಿದ ಜನ ಎದ್ದು ಹೋಗಲ್ಲ. ನಾನು ಹೇಳುವುದು ಇಷ್ಟೇ: ಭಾವನೆಗಿಂತ ಮೊದಲು ಸಾಲದ ಲೆಕ್ಕ ಅರ್ಥ ಮಾಡಿಸಿ.

ಆದರೂ ಎರಡನೆಯದು ಯಾಕೆ ಕೆಟ್ಟಿತು ಅಂದರೆ, ಬಾಗಿಲು. ನಮ್ಮ ಸೀನರಿಯಲ್ಲಿ ಬಾಗಿಲು ಅಂದರೆ ಪರದೆ ಮೇಲಿನ ಬಣ್ಣ. ನೋರಾ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರೆ ಅರಮನೆ ಕಂಬಗಳೆಲ್ಲ ಅಲೆಯಂತೆ ತೂಗಿದವು. ಜನ ಬಿದ್ದು ಬಿದ್ದು ನಕ್ಕರು. ಮೂರನೇ ಸಲಕ್ಕೆ ಒಂದು ಕೆಡವಿದ ಮನೆಯ ಹಳೇ ಬಾಗಿಲನ್ನು ಚೌಕಟ್ಟು ಸಮೇತ ತಂದೆ, ಮೂರೂವರೆ ಸಾವಿರ ಇರಬೇಕು. ಟೆಂಪೋ ಬಾಡಿಗೆ ಬೇರೆ. ಹಲಗೆ ಸ್ಟೇಜಿನ ಮೇಲೆ ನಿಲ್ಲಲಿಲ್ಲ. ಎರಡನೇ ಅಂಕದಲ್ಲೇ ಗಂಡನ ಪಾತ್ರದ ಮೇಷ್ಟ್ರ ಮೇಲೆ ಬಿತ್ತು. ಮೇಷ್ಟ್ರ ಭುಜಕ್ಕೆ ನಾಲ್ಕು ಹೊಲಿಗೆ. ಆಮೇಲೆ ಹಿಂದೆ ಮರದ ಊರುಗೋಲು ಕೊಟ್ಟು, ಆರು ಮರಳು ಮೂಟೆ ಹೇರಿದೆ. ಸದ್ದಿಗೆ ಬಾಗಿಲು ಒಂದೇ ಸಾಲದು, ಹಿಂದೆ ಇನ್ನೊಂದು ವಸ್ತು ಇಟ್ಟಿದ್ದೇನೆ. ಅದು ಏನು ಅಂತ ಕೇಳಬೇಡಿ.

ಕುಣಿತದ್ದು ಇನ್ನೊಂದು ಪೇಚು. ಗುಟ್ಟು ಬಯಲು ಮಾಡುವ ಕ್ರೋಗ್‌ಸ್ಟಾಡ್‌ನ ಕಾಗದ ಇರುವ ಅಂಚೆ ಪೆಟ್ಟಿಗೆಯನ್ನು ಗಂಡ ತೆಗೆಯದಿರಲಿ ಅಂತ ಅವಳು ಹುಚ್ಚಾಗಿ ಕುಣಿಯುತ್ತಾಳಲ್ಲ, ಅದಕ್ಕೆ ನಾನು ಹಾರ್ಮೋನಿಯಂ ಹಿಡಿದೆ, ಹಳೇ ಚಟ. ಒಬ್ಬ ನೂರರ ನೋಟು ಹಿಡಿದು ಸ್ಟೇಜ್ ಹತ್ತಿ ಸೀರೆಗೆ ಪಿನ್ ಮಾಡಲು ಬಂದ. ನಮ್ಮ ನೋರಾನೂ ಅಭ್ಯಾಸದಂತೆ ನಿಂತು ಕೈ ಮುಗಿದುಬಿಟ್ಟರು! ಈಗ ಬರೀ ತಬಲಾ. ತಾಳದ ವೇಗ ಏರುತ್ತಾ ಹೋಗುತ್ತೆ, ಗಂಡ ‘ನಿಧಾನ, ನಿಧಾನ’ ಅನ್ನುತ್ತಲೇ ಇರುತ್ತಾನೆ. ಯಾರೂ ಮೇಲೆ ಹತ್ತಿಲ್ಲ. ಅವಳು ಕದ್ದು ತಿನ್ನುವ ಮ್ಯಾಕರೂನ್ ನಮ್ಮಲ್ಲಿ ತಿಪಟೂರು ಕೊಬ್ಬರಿಯ ಮಿಠಾಯಿ ಆಯಿತು. ಹಲ್ಲು ಹಾಳಾಗುತ್ತೆ ಅಂತ ಗಂಡ ಬೈಯುವುದು ಹಾಗೇ ಹೊಂದಿತು. ಇದಕ್ಕೂ ಮೊದಲು ಇಬ್ಸನ್‌ನದೇ ಇನ್ನೊಂದು ನಾಟಕ ‘ಹೆಡ್ಡಾ ಗಾಬ್ಲರ್’ ಓದಿಸಿ ನೋಡಿದ್ದೆ. ಹೆಸರು ಕೂಗಿದಾಗಲೆಲ್ಲ ತಬಲಾದವನು ‘ಯಾರು, ನನ್ನೇನಾ?’ ಅನ್ನುತ್ತಿದ್ದ. ಬಿಟ್ಟೆ.

ಮೂರನೇ ಪ್ರಯೋಗದಲ್ಲಿ ಊರಿನವರು ಕೊನೆ ಬದಲಾಯಿಸಲು ಹಟ ಹಿಡಿದರು. ಇಬ್ಸನ್‌ಗೂ ಇದೇ ಗತಿ ಬಂದಿತ್ತು. 1880ರಲ್ಲಿ ಜರ್ಮನಿಯ ನಟಿಯೊಬ್ಬಳು ‘ನಾನಾದರೆ ಮಕ್ಕಳನ್ನು ಬಿಡಲ್ಲ’ ಅಂದಿದ್ದಕ್ಕೆ ಅವನೇ ಬೇರೆ ಕೊನೆ ಬರೆದುಕೊಟ್ಟ. ಮಲಗಿದ ಮಕ್ಕಳ ಬಾಗಿಲಲ್ಲಿ ನೋರಾ ಕುಸಿಯುತ್ತಾಳೆ. ನಾನೂ ಅದನ್ನೇ ಆಡಿಸಿದೆ. ಗಂಡಸರು ಚಪ್ಪಾಳೆ ಹೊಡೆದರು. ಹೆಂಗಸರ ಕಡೆಯಿಂದ ಒಂದು ದನಿ, ‘ಇಷ್ಟಕ್ಕಾ ನಿದ್ದೆಗೆಟ್ಟಿದ್ದು?’

ನಾಲ್ಕನೆಯದರಲ್ಲಿ ಗೆದ್ದದ್ದು ಒಂದು ‘ರೀ’ಯಿಂದ. ನಾಟಕದ ಗಂಡನ ಹೆಸರು ಟೊರ್ವಾಲ್ಡ್, ಅದು ನಮ್ಮ ನೋರಾ ಬಾಯಲ್ಲಿ ಹೊರಳುತ್ತಿರಲಿಲ್ಲ, ಗಂಡನ ಹೆಸರು ಹೇಳಿ ಅಭ್ಯಾಸವೂ ಇಲ್ಲ. ಮಾತು ಮಾತಿಗೂ ‘ರೀ’. ಹಾಗೇ ಇರಲಿ ಅಂದೆ. ಕೊನೆಯ ಸೀನಲ್ಲಿ ಮಾತ್ರ, ಎಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಎದುರು ಕೂತು ಮಾತಾಡುವಾಗ, ಒಂದು ‘ರೀ’ಯೂ ಬರಕೂಡದು. ಇಪ್ಪತ್ತು ದಿನ ಹಿಡಿಯಿತು. ಒಂದು ಸಲ ತಪ್ಪಿದರೆ ಮೊದಲಿಂದ. ಒಂದು ರಾತ್ರಿ ಅವರು ಬ್ಯಾಗ್ ಎತ್ತಿಕೊಂಡು, ‘ಮೇಷ್ಟ್ರೇ, ನಾನು ಮನೆ ಬಿಟ್ಟು ಹನ್ನೆರಡು ವರ್ಷ ಆಯ್ತು. ಇವತ್ತಿಗೂ ಕನಸಲ್ಲಿ ರೀ ಅಂತಲೇ ಕರೀತೀನಿ’ ಅಂದರು. ಅವತ್ತು ಟ್ರಯಲ್ ನಿಲ್ಲಿಸಿದೆ. ಮಾರನೇ ದಿನ ಅವರೇ ಬೇಗ ಬಂದಿದ್ದರು. ಆಮೇಲೆ ತಪ್ಪಲಿಲ್ಲ.

ಆ ನಾಟಕ ಕೋಪನ್‌ಹೇಗನ್‌ನಲ್ಲಿ ಮೊದಲು ಆಡಿದ ಐದು ವರ್ಷಕ್ಕೆ, 1884ರಲ್ಲಿ, ನಮ್ಮ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಆಗ ಹೆಣ್ಣಿನ ಪಾತ್ರಕ್ಕೂ ಗಂಡಸರೇ. ಸುಮ್ನೆ ನೆನಪಾಯಿತು.

ಒಟ್ಟು ಖರ್ಚು ಎಂಬತ್ತು ಸಾವಿರದ ಆಸುಪಾಸು, ಬಂದದ್ದು ಮೂವತ್ತಕ್ಕಿಂತ ಕಡಿಮೆ. ಸಂಘದ ಸಾಲಕ್ಕೆ ಇನ್ನೂ ಏಳು ಕಂತಿದೆ, ಹೆಂಡತಿಯೇ ಹೋಗಿ ಕಟ್ಟಿಬರುತ್ತಾಳೆ. ಬಾಗಿಲು ನಮ್ಮ ಹಜಾರದ ಗೋಡೆಗೆ ಒರಗಿದೆ. ಬೇಕಾದವರಿಗೆ ಬಾಡಿಗೆಗೆ ಕೊಡುತ್ತೇನೆ. ಮರಳು ಮೂಟೆ ನೀವೇ ತರಬೇಕು.